ಅಪ್ಪ ಫಸ್ಟು

ಮನುಷ್ಯನ ಧೈರ್ಯವನ್ನು ಅಳೆಯುವುದಕ್ಕೆ ಅವನನ್ನು ಹುಲಿಯ ಮುಂದೆ ನಿಲ್ಲಿಸಬೇಕಾಗಿಲ್ಲ. ಹುಲಿ ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕರೂ ಎರಡನೆಯ ಸಲ ಅಳೆಯಲು ಮನುಷ್ಯ ಉಳಿದಿರುವುದಿಲ್ಲ. ಒಂದು ಚಮಚ ಕಹಿ ಕಷಾಯ, ಒಂದು ಸೂಜಿ, ಕಣ್ಣು ಮಿಟುಕಿಸದೆ ನಿಮ್ಮನ್ನೇ ನೋಡುತ್ತಿರುವ ಐದು ವರ್ಷದ ಒಬ್ಬ ಮಗಳು, ಇಷ್ಟು ಸಾಮಾನು ಸಾಕು. ನಾನು ಈ ಪರೀಕ್ಷೆಗೆ ಕೂತವನು. ಫಲಿತಾಂಶ ಏನಾಯಿತೆಂದು ಈಗಲೇ ಹೇಳಿದರೆ ನೀವು ಮುಂದೆ ಓದುವುದಿಲ್ಲ. ಓದಿದರೂ ನನ್ನ ಮೇಲೆ ಗೌರವ ಇಟ್ಟುಕೊಂಡು ಓದುವುದಿಲ್ಲ. ಆದ್ದರಿಂದ ಅದು ಕೊನೆಗಿರಲಿ.

ಕೋಗಿಲು ರಸ್ತೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಮೊಳೆ, ತಂತಿ, ಚಿಲಕ, ಪೈಪು, ಪೈಂಟು, ಮನೆ ಕಟ್ಟುವವನು ಮರೆತು ಬಂದದ್ದೆಲ್ಲ ನಮ್ಮಲ್ಲಿ ಸಿಗುತ್ತದೆ. ಒಂದಿಂಚಿನಿಂದ ಆರಿಂಚಿನವರೆಗಿನ ಮೊಳೆಗಳನ್ನು ನಾನು ಬರಿಗೈಯಲ್ಲಿ ಬಾಚಿ ತಕ್ಕಡಿಗೆ ಸುರಿಯುತ್ತೇನೆ. ಗೀರಿ ರಕ್ತ ಬಂದರೆ ಒಂದು ಚಿಟಿಕೆ ಅರಿಶಿನ ಒತ್ತಿ ಮುಂದಿನ ಗಿರಾಕಿಯನ್ನು ಮಾತಾಡಿಸುತ್ತೇನೆ. ಮೇಸ್ತ್ರಿಗಳು ಇದನ್ನು ನೋಡಿ, "ಮುನಿರಾಜಣ್ಣಂದು ಕೈ ಅಲ್ಲ ಗುರು, ಇಕ್ಕಳ" ಎಂದು ಹೊಗಳಿದ್ದುಂಟು. ಇಂಥ ನನಗೆ ಇಂಜೆಕ್ಷನ್ ಎಂದರೆ ಪ್ರಾಣಭಯ. ಪೇಪರಿನಲ್ಲಿ ಸೂಜಿಯ ಚಿತ್ರ ಬಂದರೆ ಆ ಹಾಳೆಯನ್ನು ಓದದೆ ಮೊಳೆ ಕಟ್ಟುವುದಕ್ಕೆ ಇಟ್ಟುಬಿಡುತ್ತೇನೆ. ಮೂವತ್ತೆಂಟನೆಯ ವಯಸ್ಸಿನವರೆಗೆ ನನ್ನ ಮೈಗೆ ಒಂದೇ ಒಂದು ಸೂಜಿ ಇಳಿದಿರಲಿಲ್ಲ. ಈ ವಿಷಯ ಗೊತ್ತಿದ್ದವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬಳು ನನ್ನ ಅವ್ವ.

ಅವ್ವನಿಗೆ ಗೊತ್ತಾದದ್ದು ಹೀಗೆ. ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಶಾಲೆಗೆ ಜೀಪಿನಲ್ಲಿ ಲಸಿಕೆ ಹಾಕುವವರು ಬಂದರು. ಆಗ ಕೋಗಿಲು ಇನ್ನೂ ಹಳ್ಳಿ. ಶಾಲೆಯ ಹಿಂದೆಯೇ ನಮ್ಮ ದ್ರಾಕ್ಷಿ ತೋಟ. ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಹಾಜರಿಯಲ್ಲಿ ನನಗಿಂತ ಮುಂದಿನ ಹೆಸರು ಮಂಜುನಾಥನದು; ಅವನ ಕೂಗು ಕೇಳಿದ್ದೇ ತಡ, ಮುನಿರಾಜ ಹಿಂದಿನ ಕಿಟಕಿಯಿಂದ ಹಾರಿ ಚಪ್ಪರದ ಕೆಳಗೆ ಅಂಗಾತ ಮಲಗಿದ್ದ. ಜೀಪು ಹೋಗುವವರೆಗೆ ಹೊತ್ತು ಕಳೆಯಬೇಕಲ್ಲ, ಕೈಗೆಟುಕಿದ ಹುಳಿ ಕಾಯಿಗಳನ್ನೆಲ್ಲ ತಿಂದೆ. ಸಂಜೆಯಿಂದ ಭೇದಿ ಹಿಡಿಯಿತು. ನಮ್ಮಪ್ಪ, "ಆ ಸೂಜಿಯೋರು ಏನ್ ಚುಚ್ಚಿದ್ರೋ ನನ್ ಮಗೀಗೆ" ಎಂದು ಮೇಷ್ಟರ ಮೇಲೆ ಜಗಳಕ್ಕೇ ಹೋದರು. ಮೇಷ್ಟರು ಗಾಬರಿಯಲ್ಲಿ ಕ್ಷಮೆ ಕೇಳಿ, ನನ್ನ ಹೆಸರಿನ ಮುಂದೆ ಲಸಿಕೆ ಆಗಿದೆ ಎಂದು ಗುರುತು ಹಾಕಿಕೊಂಡರು. ಅವ್ವ ಮಾತ್ರ ನನ್ನ ಎರಡೂ ತೋಳು ತಿರುಗಿಸಿ ನೋಡಿದಳು, ಚಡ್ಡಿಯ ಜೇಬಿನಿಂದ ದ್ರಾಕ್ಷಿಯ ತೊಟ್ಟು ತೆಗೆದು ನೋಡಿದಳು. ಯಾರಿಗೂ ಏನೂ ಹೇಳಲಿಲ್ಲ.

ಹೇಳದೆ ಉಳಿಸಿಕೊಂಡದ್ದೇ ಅವಳ ಜಾಣತನ. ನಮ್ಮವ್ವನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹೋಗು ಓಗು. ಅಂದಿನಿಂದ ನಾನು ಯಾವುದೇ ಮಾತಿಗೆ ತಕರಾರು ಮಾಡಿದರೂ ಅವಳು ಮೆಲ್ಲಗೆ, "ಏಳ್ಬುಡ್ಲಾ?" ಎನ್ನುತ್ತಿದ್ದಳು. ಹೇಳಿಬಿಡಲೇ ಎಂದು. ಅಷ್ಟೇ. ಆ ಒಂದು ಮಾತಿನ ಬಲದಿಂದ ನಾನು ರಾಗಿ ಬೀಸಿಸಿಕೊಂಡು ಬಂದಿದ್ದೇನೆ, ಚಿಕ್ಕಜಾಲದ ಅಕ್ಕನ ಮನೆಗೆ ಹಲಸಿನ ಹಣ್ಣು ಹೊತ್ತಿದ್ದೇನೆ. ಮಂಜುಳನನ್ನು ನೋಡಲು ಹೋದ ದಿನ ಉಪ್ಪಿಟ್ಟಿನ ತಟ್ಟೆ ಹಿಡಿದು ಒಂದು ಗಳಿಗೆ ಸುಮ್ಮನೆ ಕೂತಿದ್ದೆ. ಅವ್ವ ಕಿವಿಯ ಹತ್ತಿರ ಬಗ್ಗಿ ಆ ಮಾತು ಹೇಳಿದಳು. ತಕ್ಷಣ ಒಪ್ಪಿದೆ. ಅದರಲ್ಲಿ ನನಗೆ ನಷ್ಟವೇನೂ ಆಗಲಿಲ್ಲ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ, ಮಂಜುಳ ಓದುತ್ತಾಳೆ.

ನಮಗೆ ಮಗಳು ಹುಟ್ಟಿದಳು. ಹರ್ಷಿತಾ ಎಂದು ಹೆಸರಿಟ್ಟೆವು; ಅವ್ವನಿಗೆ ಅರ್ಸಿತ. ಮಗುವಿನ ಮೊದಲೆರಡು ವರ್ಷದ ಲಸಿಕೆಗಳೆಲ್ಲ ಮಂಜುಳನ ತೊಡೆಯ ಮೇಲೇ ನಡೆದುಹೋದವು. ನಾನು ಪ್ರತಿ ಸಲವೂ ಯಲಹಂಕದ ಆ ಮಕ್ಕಳ ಕ್ಲಿನಿಕ್ಕಿನ ತನಕ ಹೋಗಿ, ಒಳಗೆ ಕಾಲಿಡದೆ ಹೊರಗೆ ಸ್ಕೂಟರ್ ಕಾಯುತ್ತಿದ್ದೆ. "ಆ ಸ್ಕೂಟರ್ನ ಯಾರ್ರೀ ಕದೀತಾರೆ?" ಎಂದು ಮಂಜುಳ ಕೇಳುತ್ತಿದ್ದಳು. ಕಾಲ ಕೆಟ್ಟಿದೆ ಎನ್ನುತ್ತಿದ್ದೆ. ನನ್ನ ಸ್ಕೂಟರಿಗೆ ಕಿಕ್ಕರ್ ಇರಲಿಲ್ಲ, ತಳ್ಳಿಯೇ ಚಾಲೂ ಮಾಡಬೇಕಿತ್ತು.

ಕಷ್ಟ ಶುರುವಾದದ್ದು ಅವಳಿಗೆ ಎರಡೂವರೆ ವರ್ಷವಾದಾಗ. ನೆಗಡಿ, ಜ್ವರ. ಡಾಕ್ಟರಮ್ಮ ಒಂದು ಸಿರಪ್ ಬರೆದುಕೊಟ್ಟರು. ಮಗಳು ಅದನ್ನು ಬಾಯಿಗೆ ಬಿಟ್ಟುಕೊಂಡು ಅಷ್ಟೇ ಪ್ರಮಾಣದಲ್ಲಿ ನನ್ನ ಅಂಗಿಗೆ ವಾಪಸು ಮಾಡಿದಳು. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, "ನೀವು ಮೊದ್ಲು ಕುಡಿದ ಹಾಗೆ ಮಾಡಿ ತೋರಿಸಿ, ಆಮೇಲೆ ಕುಡೀತಾಳೆ" ಎಂದರು. ಕುಡಿದ ಹಾಗೆ ಮಾಡಿ ಎಂದಿದ್ದರು, ಕುಡಿಯಿರಿ ಎಂದಿರಲಿಲ್ಲ. ನಾನೂ ಖಾಲಿ ಮುಚ್ಚಳವನ್ನೇ ಎತ್ತಿ ಆಹಾ ಎಂದು ಬಾಯಿ ಚಪ್ಪರಿಸಿದೆ. ಮಗಳು ನನ್ನ ಗಲ್ಲ ಹಿಡಿದು, "ಅಪ್ಪ, ನಾಲ್ಗೆ ತೋರ್ಸು" ಎಂದಳು. ಸಿರಪ್ಪಿನದು ಕಿತ್ತಳೆ ಬಣ್ಣ. ನನ್ನದು ಎಲೆ ಅಡಿಕೆಯ ನಾಲಿಗೆ. ಅವಳು ತಲೆ ಅಲ್ಲಾಡಿಸಿ ಬಾಟಲಿಯನ್ನೇ ನನ್ನ ಕಡೆ ತಳ್ಳಿದಳು. ಕುಡಿದೆ. ನಾಲಿಗೆ ತೋರಿಸಿದೆ. ಅವಳೂ ಕುಡಿದಳು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ನನಗೆ ಮುಳುವಾಯಿತು.

ಆಮೇಲೆ ನಮ್ಮ ಮನೆಯಲ್ಲಿ ಅದೇ ಕಾನೂನು: ಅಪ್ಪ ಫಸ್ಟು. ಮಕ್ಕಳಿಗೆ ರೋಗ ಬಂದ ಮೇಲೆ ಒದ್ದಾಡುವುದಕ್ಕಿಂತ ಬಾರದಂತೆ ನೋಡಿಕೊಳ್ಳಬೇಕು ಎಂದು ಎಲ್ಲ ಡಾಕ್ಟರೂ ಹೇಳುತ್ತಾರೆ, ನಮ್ಮಲ್ಲಿ ಆ ನೋಡಿಕೊಳ್ಳುವುದೆಲ್ಲ ಮೊದಲು ನನ್ನ ಮೇಲೆ ನಡೆಯುತ್ತಿತ್ತು. ವಿಟಮಿನ್ ಹನಿ ನನಗೆ ಮೊದಲು. ಊಟಕ್ಕೆ ಮುಂಚೆ ಸೋಪು ಹಚ್ಚಿ ಬೆರಳ ಸಂದುಗಳನ್ನೆಲ್ಲ ತಿಕ್ಕುವುದು ನನಗೆ ಮೊದಲು. ಒಂದು ಬೆರಳು ಬಿಟ್ಟರೂ ಮತ್ತೆ ಮೊದಲಿಂದ. ರಾತ್ರಿ ನಿದ್ದೆಯಲ್ಲಿ ಮಗು ಹಲ್ಲು ಕಡಿಯುತ್ತದೆ, ಜಂತುಹುಳ ಇರಬೇಕು ಎಂದು ಅವ್ವ ತೀರ್ಮಾನಿಸಿದಳು. ಡಾಕ್ಟರಮ್ಮ ಮಾತ್ರೆ ಕೊಟ್ಟರು. ನಾನು ಅಗಿದು ನಾಲಿಗೆ ತೋರಿಸಿದ ಮೇಲೆ ಮಗಳು ಅಗಿದಳು. ಅವಳು ಹಲ್ಲು ಕಡಿಯುವುದನ್ನು ಬಿಡಲಿಲ್ಲ. ನನ್ನ ಹೊಟ್ಟೆ ಮಾತ್ರ ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಹಗುರವಾಯಿತು.

ಡಾಕ್ಟರಮ್ಮನದು ಒಂದು ದಾರಿಯಾದರೆ ಅವ್ವನದು ಇನ್ನೊಂದು. ಆರು ತಿಂಗಳಿಗೊಮ್ಮೆ ಹರಳೆಣ್ಣೆ ಕೊಡದಿದ್ದರೆ ಮಕ್ಕಳ ಹೊಟ್ಟೆಯಲ್ಲಿ ಕಲ್ಮಷ ನಿಲ್ಲುತ್ತದೆ ಎನ್ನುವುದು ಅವಳ ವಾದ. ಮಗಳು ಚಮಚ ನೋಡಿ ನನ್ನ ಕಡೆ ಬೆರಳು ತೋರಿಸಿದಳು. ಅವ್ವ ಮಗುವಿಗೆಂದು ತಂದಿದ್ದ ಚಮಚವನ್ನು ಇಟ್ಟು, ಸೌಟು ತಂದಳು. "ನಿನ್ ಮೈಗೆ ತಕ್ಕಂಗೆ ಬೇಕಲ್ವೇನೋ" ಎಂದಳು. ಅಷ್ಟರಲ್ಲಿ ಮಂಜುಳ ಬಂದು ಇದೆಲ್ಲ ಮಗುವಿಗೆ ಬೇಡ ಎಂದು ಡಾಕ್ಟರಮ್ಮ ಹೇಳಿದ್ದಾರೆಂದು ತಡೆದಳು. ನಾನು ಆಗಲೇ ನುಂಗಿಯಾಗಿತ್ತು. ಅವತ್ತು ಅಂಗಡಿಯಲ್ಲಿ ಒಬ್ಬ ಗಿರಾಕಿ, "ಅಣ್ಣಾ, ನಲ್ಲಿ ಎಷ್ಟ್ ತಿರುಗ್ಸಿದ್ರೂ ನಿಲ್ತಾನೇ ಇಲ್ಲ, ಏನಾದ್ರೂ ಕೊಡಿ" ಎಂದು ಬಂದ. ಅವನ ಕಷ್ಟ ನನಗೆ ಅಂದು ಅರ್ಥವಾದಷ್ಟು ಬೇರೆ ಯಾವ ದಿನವೂ ಆಗಿರಲಿಲ್ಲ. ವಾಷರ್ ಡಬ್ಬವನ್ನೇ ಅವನ ಕೈಗೆ ಕೊಟ್ಟು ಮನೆಗೆ ಓಡಿದೆ.

ದೃಷ್ಟಿಬೊಟ್ಟಿನ ಕಥೆಯನ್ನೂ ಹೇಳಬೇಕು. ಎಲ್ಲಿಗಾದರೂ ಹೊರಟರೆ ಅವ್ವ ಮಗಳ ಕೆನ್ನೆಗೆ ಕಾಡಿಗೆಯ ಬೊಟ್ಟಿಡುತ್ತಿದ್ದಳು. ಮಗಳು ಅದಕ್ಕೂ ಅಪ್ಪ ಫಸ್ಟು ಎಂದಳು. ಹಚ್ಚಿಸಿಕೊಂಡು ಮರೆತು ಅಂಗಡಿಗೆ ಹೋಗಿ ಕೂತೆ. ಬಂದವರೆಲ್ಲ ನನ್ನ ಮುಖ ನೋಡುತ್ತಿದ್ದರು, ಯಾರೂ ಏನೂ ಕೇಳಲಿಲ್ಲ. ಕೊನೆಗೆ ಒಬ್ಬ ಮೇಸ್ತ್ರಿ ಭಕ್ತಿಯಿಂದ, "ಅಂಗಡಿಗೆ ಕಟ್ಟೋ ಬೂದುಗುಂಬಳಕಾಯಿ ಬದ್ಲು ಇದೇನಾ ಅಣ್ಣಾ ಈಗ?" ಎಂದ. ಎದುರು ಸಾಲಿನ ಟೈಲ್ಸ್ ಅಂಗಡಿಯವನು ಮರುದಿನ ತಾನೂ ಒಂದು ಬೊಟ್ಟಿಟ್ಟುಕೊಂಡು ಬಂದು ಕೂತ. ವಾರದೊಳಗೆ ನಮ್ಮ ಸಾಲಿನಲ್ಲಿ ಮೂವರು ವ್ಯಾಪಾರಿಗಳು ಕೆನ್ನೆಗೆ ಕಾಡಿಗೆ ಹಚ್ಚಿಕೊಂಡು ಸಿಮೆಂಟ್ ಮಾರುತ್ತಿದ್ದರು.

ಡಿಸೆಂಬರಿನ ಯಲಹಂಕದ ಚಳಿಗೆ ಇಬ್ಬರಿಗೂ ಒಂದೇ ಬಣ್ಣದ, ತಲೆಯ ಮೇಲೆ ಉಣ್ಣೆಯ ಚೆಂಡಿದ್ದ ಟೋಪಿ ಬಂತು. ಕೆಮ್ಮಿಗೆ ಹಬೆ ಹಿಡಿಯುವಾಗ ಮೀನಿನ ಮುಖದ ಮಾಸ್ಕನ್ನು ಮೊದಲು ನಾನು ಹಾಕಿಕೊಂಡು ಕೂರಬೇಕಾಯಿತು. ಹಲ್ಲಿನ ಡಾಕ್ಟರ ಹತ್ತಿರ ಮಗಳ ಹಲ್ಲು ತೋರಿಸಲು ಹೋದರೆ ಅವರು ಮೊದಲು ನನ್ನ ಬಾಯಿಗೆ ಟಾರ್ಚ್ ಬಿಟ್ಟು, ನನಗೆ ಮೂರು ಹುಳುಕು, ಮಗಳಿಗೆ ಒಂದೂ ಇಲ್ಲ ಎಂದರು. ಒಸಡು ಮರಗಟ್ಟಿಸಲು ಸೂಜಿ ಬೇಕಾಗುತ್ತದೆ ಎಂಬ ಮಾತು ಬರುವ ಮೊದಲೇ ನಾನು ಮುಂದಿನ ವಾರ ಬರ್ತೀನಿ ಎಂದು ಎದ್ದೆ. ಮಗಳ ಬೆಳವಣಿಗೆ ಗುರುತಿಸಲು ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ಹುಟ್ಟುಹಬ್ಬಕ್ಕೆ ಪೆನ್ಸಿಲ್ ಗೀಟು ಎಳೆಯುತ್ತಿದ್ದೆವು. ಅಲ್ಲಿಯೂ ನಾನೇ ಮೊದಲು ಬೆನ್ನು ಕೊಟ್ಟು ನಿಲ್ಲಬೇಕು. ಮೂರು ವರ್ಷಗಳಲ್ಲಿ ಅವಳ ಗೀಟು ಒಂದು ಗೇಣು ಮೇಲೇರಿದೆ, ನನ್ನದು ಕಾಲಿಂಚು ಕೆಳಗಿಳಿದಿದೆ. ಡಾಕ್ಟರಮ್ಮನನ್ನು ಕೇಳಿದೆ. "ಮುನಿರಾಜು ಅವ್ರೇ, ನಾನು ಮಕ್ಕಳ ಡಾಕ್ಟರು" ಎಂದರು.

ಇಷ್ಟೆಲ್ಲ ಆದರೂ ಒಳಗೊಳಗೆ ನನಗೆ ಒಂದು ಸಂತೋಷವಿತ್ತು. ನನ್ನ ಮಗಳ ಕಣ್ಣಿನಲ್ಲಿ ನಾನು ಯಾವುದಕ್ಕೂ ಹೆದರದವನು. ಪಕ್ಕದ ಮನೆಯ ಮಕ್ಕಳ ಮುಂದೆ, "ನಮ್ಮಪ್ಪ ಏನ್ ಬೇಕಾದ್ರೂ ಕುಡೀತಾರೆ" ಎಂದು ಹೇಳಿಕೊಂಡಿದ್ದಳು. ಅದು ಆ ಮಕ್ಕಳ ತಾಯಂದಿರಿಗೆ ಬೇರೆ ಅರ್ಥದಲ್ಲಿ ತಲುಪಿರಬಹುದು, ನನಗೆ ಬೇಸರವಿರಲಿಲ್ಲ. ನಾನು ಕುಡಿದದ್ದೆಲ್ಲ ಬಾಯಿಂದ ಹೋಗುವ ವಸ್ತು. ಅದರಾಚೆಗೆ ಈ ಕಾನೂನು ಹೋಗಬಹುದೆಂದು ನಾನು ಯೋಚಿಸಿರಲಿಲ್ಲ.

ಅವಳಿಗೆ ಐದು ತುಂಬಿತು. ಮಂಜುಳ ಲಸಿಕೆಯ ಕಾರ್ಡು ತೆಗೆದು, "ರೀ, ಐದು ವರ್ಷದ ಬೂಸ್ಟರ್ ಹಾಕಿಸ್ಬೇಕು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಮೂರಕ್ಕೂ ಒಂದೇ ಇಂಜೆಕ್ಷನ್" ಎಂದಳು. ಮಗಳು ಕಾರ್ಡಿನ ಮೇಲಿದ್ದ ಸೂಜಿಯ ಚಿತ್ರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳು ಬಾಯಿ ಬಿಡುವ ಮೊದಲೇ ನನ್ನ ಬೆನ್ನಿನಲ್ಲಿ ಬೆವರು ಇಳಿಯಿತು.

ಮೊದಲ ಸಲ ಕ್ಲಿನಿಕ್ಕಿಗೆ ಹೋದಾಗ, ಅಪ್ಪ ಫಸ್ಟು ಎಂದು ಅವಳು ಬೆಂಚಿನ ಕಾಲು ಹಿಡಿದುಕೊಂಡಳು. ನಾನು ಏನೂ ತೋಚದೆ, "ಇವತ್ತು ಅಮಾವಾಸ್ಯೆ, ಸೂಜಿ ಚುಚ್ಚಬಾರದು" ಎಂದುಬಿಟ್ಟೆ. ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ, "ಔದಲ್ವಾ!" ಎಂದು ಮೊಮ್ಮಗನನ್ನು ಎತ್ತಿಕೊಂಡು ಎದ್ದರು. ಅವರ ಹಿಂದೆ ಇನ್ನೊಬ್ಬರು. ಐದು ನಿಮಿಷದಲ್ಲಿ ಹಜಾರ ಖಾಲಿ. ಡಾಕ್ಟರಮ್ಮ ಹೊರಗೆ ಬಂದು ಖಾಲಿ ಕುರ್ಚಿಗಳನ್ನೂ ನನ್ನನ್ನೂ ನೋಡಿ, ಕ್ಯಾಲೆಂಡರನ್ನೂ ನೋಡಿದರು. ಅಮಾವಾಸ್ಯೆ ಕಳೆದು ನಾಲ್ಕು ದಿನವಾಗಿತ್ತು. ಆ ಅಜ್ಜಿಯ ಮನೆ ಹುಡುಕಿಕೊಂಡು ಹೋಗಿ ತಪ್ಪು ಒಪ್ಪಿಕೊಂಡು ಅವರನ್ನು ಮರಳಿ ಕಳಿಸಬೇಕಾದರೆ ನನಗೆ ಅರ್ಧ ದಿನ ಹಿಡಿಯಿತು. ಎರಡನೆಯ ಸಲ ಸರದಿ ಬರುವ ಹೊತ್ತಿಗೆ ಫೋನನ್ನು ಕಿವಿಗಿಟ್ಟು, "ಏನು? ಲೋಡ್ ಬಂತಾ? ಈಗಲೇ ಬರ್ತೀನಿ" ಎಂದು ಜೋರಾಗಿ ಮಾತಾಡಿದೆ. ಮಗಳು ಎಲ್ಲರಿಗೂ ಕೇಳುವಂತೆ, "ಅಪ್ಪ, ಫೋನ್ ಉಲ್ಟಾ ಹಿಡ್ಕೊಂಡಿದೀಯ" ಎಂದಳು. ಆದರೂ ಹೊರಟೆ. ಮನೆಗೆ ಬಂದ ಮೇಲೆ ಮಂಜುಳ, "ಏನ್ರೀ ನಿಮ್ ಕಥೆ? ಮಗೂಗೆ ಹಠ ಕಲಿಸ್ತಿರೋದು ನೀವೇ" ಎಂದಳು. ಅವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ನನ್ನನ್ನೇ ನೋಡಿ, ಸದ್ದಿಲ್ಲದೆ ತುಟಿ ಆಡಿಸಿದಳು. ಆ ತುಟಿಯನ್ನು ನಾನು ಮೂವತ್ತು ವರ್ಷದಿಂದ ಓದುತ್ತಿದ್ದೇನೆ.

ಮೂರನೆಯ ಸಲ ನಾನಾಗಿ ಹೋದೆ. ಅದಕ್ಕೆ ಕಾರಣವಿದೆ. ಒಂದು ಶನಿವಾರ ಮಧ್ಯಾಹ್ನ ಮಗಳು ನನ್ನನ್ನು ಊಟಕ್ಕೆ ಕರೆಯಲು ಅಂಗಡಿಗೆ ಬಂದಳು. ಮನೆ ಅಂಗಡಿಯ ಹಿಂದೆಯೇ. ಬರಿಗಾಲಲ್ಲಿ ಓಡಿ ಬಂದಿದ್ದಳು. ಬೆಳಿಗ್ಗೆ ಒಂದು ಮೊಳೆಯ ಪೊಟ್ಟಣ ಒಡೆದಿತ್ತು, ನಾನೇ ಗುಡಿಸಿದ್ದೆ, ಎಲ್ಲ ಬಂತು ಎಂದುಕೊಂಡಿದ್ದೆ. ಒಂದು ಉಳಿದಿತ್ತು. ಅವಳ ಅಂಗಾಲಿಗೆ ತಗುಲಿತು. ದೊಡ್ಡ ಗಾಯವೇನಲ್ಲ, ಸ್ವಲ್ಪ ಚುಚ್ಚಿ ನಾಲ್ಕು ಹನಿ ರಕ್ತ. ಅವಳು ಅಳಲಿಲ್ಲ. ಕಾಲನ್ನೂ ಮೊಳೆಯನ್ನೂ ನೋಡಿ, "ಅಪ್ಪ, ಫಸ್ಟು ನೀನು ತುಳೀಬೇಕಿತ್ತು" ಎಂದಳು.

ಎರಡು ಸಲ ಆ ಮಗುವನ್ನು ಕ್ಲಿನಿಕ್ಕಿನ ಬಾಗಿಲಿನವರೆಗೆ ಕರೆದುಕೊಂಡು ಹೋಗಿ ನನ್ನ ಹೆದರಿಕೆಗೆ ವಾಪಸು ತಂದವನು ನಾನು. ಮೊಳೆ ನನ್ನದು, ಅಂಗಡಿ ನನ್ನದು, ಸುಳ್ಳೂ ನನ್ನದೇ. ಅಷ್ಟು ವರ್ಷ ಸೂಜಿಗೆ ಹೆದರಿದ್ದೆನಲ್ಲ, ಆ ಹೊತ್ತಿನಲ್ಲಿ ನನಗಾದ ಭಯದ ಮುಂದೆ ಅದು ಏನೂ ಅಲ್ಲ. ಗಾಯವನ್ನು ನೀರು ಸೋಪಿನಲ್ಲಿ ತೊಳೆದು ಮಗಳನ್ನು ಎತ್ತಿಕೊಂಡೆ. ಮಂಜುಳ ಕಾರ್ಡು ಹಿಡಿದು ಬಂದಳು. ಅವ್ವ, "ನಾನೂ ಬತ್ತೀನಿ" ಎಂದು ಆಟೋ ಹತ್ತಿದಳು. ಅವಳು ಬರುವುದು ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ಡಾಕ್ಟರಮ್ಮ ಗಾಯ ನೋಡಿದರು, ಕಾರ್ಡು ನೋಡಿದರು. "ಹಿಂದಿನ ಡೋಸೆಲ್ಲ ಸರಿಯಾಗಿ ಆಗಿದೆ. ಹೆದರೋ ಅಂಥದ್ದೇನಿಲ್ಲ. ಐದು ವರ್ಷದ್ದು ಇವತ್ತೇ ಹಾಕಿಬಿಡೋಣ" ಎಂದರು. ನನಗೆ ಹೋದ ಜೀವ ಬಂತು. ಬಂದ ಜೀವ ಸರಿಯಾಗಿ ಕೂರುವಷ್ಟರಲ್ಲಿ ಮಗಳು, "ಅಪ್ಪ ಫಸ್ಟು" ಎಂದಳು.

ಡಾಕ್ಟರಮ್ಮ ನಕ್ಕರು. "ಅದಕ್ಕೇನಂತೆ? ಮೊಳೆ ಜೊತೆ ಕೆಲಸ ಮಾಡೋರಿಗೂ ಧನುರ್ವಾಯು ಇಂಜೆಕ್ಷನ್ ಆಗಿರ್ಬೇಕು. ಮುನಿರಾಜು ಅವ್ರೇ, ನೀವು ಕೊನೇ ಸಲ ಟಿ.ಟಿ. ಹಾಕಿಸ್ಕೊಂಡಿದ್ದು ಯಾವಾಗ?"

ನಾನು ಫ್ಯಾನ್ ನೋಡಿದೆ. ಫ್ಯಾನಿಗೆ ಮೂರು ರೆಕ್ಕೆ ಇದ್ದವು. ಅವ್ವ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡಳು. ಈ ಸಲ ಅವಳು ಕೇಳಲಿಲ್ಲ.

"ಏಳೇಬುಡ್ತೀನಿ ಡಾಕ್ಟ್ರಮ್ಮ. ಒಂದೂ ಆಕ್ಸ್ಕೊಂಡಿಲ್ಲ ಕಣವ್ವ ಇವ್ನು. ಇಸ್ಕೂಲ್ಗೆ ಜೀಪ್ ಬಂದಾಗ ದ್ರಾಕ್ಸಿ ತೋಟದಾಗೆ ಅವಿತ್ಕಂಡಿದ್ದ. ಇಂಗೇ ಬೆಳೆದವ್ನೆ, ಎಮ್ಮೆ ಬೆಳ್ದಂಗೆ."

ಮೊದಲು ಬಾಯಿ ಬಿಟ್ಟವಳು ಮಂಜುಳ. "ನನ್ ಹೆರಿಗೆ ದಿನ ಸಿಸ್ಟರ್ ಸೂಜಿ ತಂದ್ರು ಅಂತ ಎಳನೀರು ತರಕ್ಕೆ ಹೋದೋರು ಒಂದೂವರೆ ಗಂಟೆ ಬರ್ಲಿಲ್ವಲ್ಲ, ಅದು ಇದಕ್ಕೇನಾ?" ಎಂದಳು. ನಾನು ತಲೆ ತಗ್ಗಿಸಿದೆ. "ಸ್ಕೂಟರ್ ಕಾಯ್ತಿದ್ದದ್ದೂ?" ಇನ್ನೂ ತಗ್ಗಿಸಿದೆ. "ಹಾರ್ಡ್‌ವೇರ್ ಅಂಗಡಿ ಇಟ್ಕೊಂಡು ಒಂದೂ ಇಲ್ವಾ? ಅರಿಶಿನ ನಂಬ್ಕೊಂಡಿದೀರಾ?" ಎಂದು ಡಾಕ್ಟರಮ್ಮ ನಿಜವಾಗಿಯೂ ಬೈದರು. ಇದೆಲ್ಲ ನಾನು ತಡೆದುಕೊಂಡೆ. ತಡೆಯಲಾಗದ್ದು ಮಗಳ ಪ್ರಶ್ನೆ. ಅವಳು ಕುಂಟುತ್ತ ಹತ್ತಿರ ಬಂದು, "ಅಪ್ಪ, ನಿಂಗೆ ಭಯಾನಾ?" ಎಂದಳು.

ಎರಡೂವರೆ ವರ್ಷ ನಾನು ಸಿರಪ್ಪು, ಮಾತ್ರೆ, ಸೌಟಿನ ಹರಳೆಣ್ಣೆ ಎಲ್ಲ ನುಂಗಿದ್ದು ಈ ಪ್ರಶ್ನೆ ಬಾರದಿರಲಿ ಎಂದೇ. ಸುಳ್ಳು ಹೇಳಬೇಕೆಂದಿದ್ದೆ. ಆಗಲಿಲ್ಲ. "ಹೂಂ" ಎಂದೆ.

ಅವಳು ನನ್ನ ಅಂಗಿಯ ತೋಳನ್ನು ತಾನೇ ಮೇಲಕ್ಕೆ ಮಡಚಿದಳು. "ಸರಿ, ಕೈ ಹಿಡ್ಕೋತೀನಿ. ಆದ್ರೆ ಅಪ್ಪ ಫಸ್ಟು" ಎಂದಳು. ಕಾನೂನಿನಲ್ಲಿ ಸಡಿಲಿಕೆ ಇರಲಿಲ್ಲ.

ದೊಡ್ಡವರಿಗೆ ಅಲ್ಲಿ ಕುರ್ಚಿಯಿಲ್ಲ. ಬಾತುಕೋಳಿಯ ಚಿತ್ರವಿದ್ದ ಪುಟ್ಟ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಸಿಸ್ಟರ್ ಹತ್ತಿ ಒದ್ದೆ ಮಾಡಿದರು. ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ನಾಲ್ಕನೆಯ ಕ್ಲಾಸಿನ ಕಿಟಕಿ ಕಣ್ಣ ಮುಂದೆ ಬಂತು. ಈ ಕೋಣೆಯ ಕಿಟಕಿಗೆ ಸರಳು ಹಾಕಿದ್ದರು. ನಮ್ಮ ಅಂಗಡಿಯದೇ ಸರಳು. ಮಗಳು ನನ್ನ ಎರಡು ಬೆರಳು ಗಟ್ಟಿಯಾಗಿ ಹಿಡಿದುಕೊಂಡು, ದೊಡ್ಡವರು ಮಕ್ಕಳಿಗೆ ಹೇಳುವ ಧಾಟಿಯಲ್ಲೇ, "ಏನೂ ಆಗಲ್ಲ ಅಪ್ಪ, ಇರುವೆ ಕಚ್ಚಿದಂಗೆ. ಅಲ್ನೋಡು, ಕಾಗೆ!" ಎಂದಳು. ನಾನು ನೋಡಿದೆ. ನಿಜವಾಗಿಯೂ ಹುಡುಕಿದೆ. ಕಿಟಕಿಯಾಚೆ ತೆಂಗಿನ ಮರವಿತ್ತು, ಕರೆಂಟ್ ಕಂಬವಿತ್ತು, ಕಾಗೆ ಮಾತ್ರ ಎಲ್ಲೂ ಕಾಣಲಿಲ್ಲ. ಎಲ್ಲಿ ಎಂದು ಕೇಳುವುದಕ್ಕೆ ಬಾಯಿ ತೆರೆದದ್ದು ನೆನಪಿದೆ.

ಕಣ್ಣು ಬಿಟ್ಟಾಗ ಕರಡಿಮರಿಗಳ ಚಿತ್ರವಿದ್ದ ಹಾಸಿಗೆಯ ಮೇಲೆ ಮಲಗಿದ್ದೆ. ನನ್ನ ಕಾಲು ಮೊಣಕಾಲಿನಿಂದ ಕೆಳಗೆ ಹೊರಗಿದ್ದವು. ಹಾಸಿಗೆ ಆ ಅಳತೆಯದು. ಅವ್ವ ಸೆರಗಿನಲ್ಲಿ ಗಾಳಿ ಹಾಕುತ್ತಿದ್ದಳು. ಇಂಜೆಕ್ಷನ್ ಯಾವಾಗಲೋ ಮುಗಿದಿತ್ತು. ಮಗಳೆಲ್ಲಿ ಎಂದೆ. ಅವಳು ನನ್ನ ತಲೆಯ ಹತ್ತಿರವೇ ನಿಂತಿದ್ದಳು, ತೋಳಿಗೆ ಪುಟ್ಟ ಹತ್ತಿ ಅಂಟಿಸಿಕೊಂಡು. ನಾನು ಬಿದ್ದ ಮೇಲೆ ನಡೆದದ್ದನ್ನು ಮಂಜುಳ ಆಮೇಲೆ ಹೇಳಿದಳು. ಇನ್ನು ಈ ಮಗುವನ್ನು ಹೇಗಪ್ಪಾ ಒಪ್ಪಿಸುವುದು ಎಂದು ಎಲ್ಲರೂ ಅಂದುಕೊಳ್ಳುತ್ತಿರುವಾಗ ಅವಳೇ ತೋಳು ಚಾಚಿ, "ಬೇಗ ಹಾಕಿ ಸಿಸ್ಟರ್, ಅಪ್ಪನ್ನ ನೋಡ್ಕೋಬೇಕು" ಎಂದಳಂತೆ. ಮುಖ ಕೂಡ ಹಿಂಡಲಿಲ್ಲವಂತೆ. ಇದನ್ನು ಕೇಳಿ ನನ್ನ ಕಣ್ಣು ತುಂಬಿತು. ಸಿಸ್ಟರ್ ಅದನ್ನು ನೋವಿಗೆ ಎಂದುಕೊಂಡು ನನಗೆ ಒಂದು ಬಲೂನು ಕೊಟ್ಟರು.

ಡಾಕ್ಟರಮ್ಮ ನನಗೂ ಒಂದು ಕಾರ್ಡು ಮಾಡಿಕೊಟ್ಟರು. ಅವರಲ್ಲಿದ್ದದ್ದು ಒಂದೇ ನಮೂನೆ. ಮೇಲೆ ನಗುವ ಪಾಪುವಿನ ಚಿತ್ರ, ಒಳಗೆ ಮಗು ಮಗ್ಗುಲಾದದ್ದು ಯಾವಾಗ, ಅಂಬೆಗಾಲಿಟ್ಟದ್ದು ಯಾವಾಗ ಎಂದು ಬರೆಯುವ ಖಾಲಿ ಜಾಗ. ಹೆಸರು: ಮುನಿರಾಜು. "ನಿಮಗೆ ಹಿಂದೆ ಒಂದೂ ಆಗಿಲ್ಲವಲ್ಲ, ಅದಕ್ಕೆ ಒಂದೇ ಸಾಲದು. ನಾಲ್ಕು ವಾರ ಬಿಟ್ಟು ಎರಡನೇದು, ಆರು ತಿಂಗಳು ಕಳೆದ ಮೇಲೆ ಮೂರನೇದು" ಎಂದರು. ನಾನು ಮಗಳ ಕಡೆ ತಿರುಗಿ, "ಮುಂದಿನ ಸಲ ನೀನು ಫಸ್ಟು, ಆಯ್ತಾ?" ಎಂದೆ. ಅವಳಿಗೆ ನಿಜವಾಗಿಯೂ ಪಾಪ ಅನ್ನಿಸಿರಬೇಕು. "ನಂದು ಮುಗೀತಲ್ಲಪ್ಪ. ನಂಗೆ ಇನ್ನು ಹತ್ತು ವರ್ಷ ಆದಾಗ ಅಂತೆ. ಇನ್ಮೇಲಿಂದೆಲ್ಲ ನೀನೊಬ್ನೇ" ಎಂದಳು.

ನಾಲ್ಕು ವಾರ ಬಹಳ ಬೇಗ ಬರುತ್ತದೆ. ಆ ದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಅಂಗಡಿಗೆಂದು ಹೊರಟವನನ್ನು ಕಾಲು ತಾನಾಗಿ ಹಳೆಯ ಶಾಲೆಯ ಹಿಂದಕ್ಕೆ ಎಳೆಯಿತು. ದ್ರಾಕ್ಷಿ ಚಪ್ಪರದ ಕೆಳಗೆ ಸಂಜೆಯವರೆಗೆ ಮಲಗಿದರೆ ಯಾರಿಗೂ ಸಿಗುವುದಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಅಲ್ಲಿ ಹೋಗಿ ನಿಂತೆ. ತೋಟ ಎಲ್ಲಿದೆ? ಅದನ್ನು ನಾವೇ ಸೈಟು ಮಾಡಿ ಮಾರಿ ಎಷ್ಟೋ ವರ್ಷವಾಯಿತು. ಸಾಲಾಗಿ ಮನೆಗಳು, ಪ್ರತಿ ಗೇಟಿನ ಕೀಲು, ಪ್ರತಿ ಬಾಗಿಲ ಚಿಲಕ ನಮ್ಮ ಅಂಗಡಿಯದೇ. ನಾನು ಅಡಗುವ ಜಾಗಕ್ಕೆಲ್ಲ ನಾನೇ ಬೀಗ ಮಾರಿದ್ದೆ. ಒಂದು ಮನೆಯ ಹೆಂಗಸು ಕಾಂಪೌಂಡಿನಾಚೆ ಇಣುಕಿ, "ಯಾರು ಬೇಕಿತ್ತು?" ಎಂದರು. ಯಾರೂ ಬೇಡ ಎಂದು ತಿರುಗಿ ಬಂದು, ಅಂಗಡಿಯಲ್ಲಿ ಪೈಂಟ್ ಡಬ್ಬಗಳನ್ನು ಎತ್ತರಕ್ಕೆ ಜೋಡಿಸಿ ಅದರ ಹಿಂದೆ ಕುಕ್ಕರಗಾಲಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಪುಟ್ಟ ಚಪ್ಪಲಿಯ ಸದ್ದು ಕೇಳಿತು. ಈಗ ಅವಳು ಅಂಗಡಿಗೆ ಬರಿಗಾಲಲ್ಲಿ ಬರುವುದಿಲ್ಲ. ಸದ್ದು ಡಬ್ಬಗಳ ಹತ್ತಿರ ಬಂದು ನಿಂತಿತು.

"ಅಪ್ಪ, ಕಾಲು ಕಾಣ್ತಿದೆ."

ಡಬ್ಬಗಳ ಸಂದಿಯಿಂದ ಇಣುಕಿದೆ. ಒಂದು ಕೈಯಲ್ಲಿ ಪಾಪುವಿನ ಚಿತ್ರದ ನನ್ನ ಕಾರ್ಡು. ಇನ್ನೊಂದು ಕೈಯನ್ನು ನನ್ನ ಕಡೆಗೆ ಚಾಚಿದ್ದಳು.

"ಬಾ ಅಪ್ಪ. ಇವತ್ತು ನಿಜವಾದ ಕಾಗೆ ತೋರಿಸ್ತೀನಿ."

ಎದ್ದು ಹೋದೆ. ಕಾಗೆ ಅವತ್ತೂ ಇರಲಿಲ್ಲ.